ಯಂತ್ರದ ಹೆಸರಿನಿಂದ ಹುಟ್ಟಿದ ಡಚ್ ಕ್ರಿಯಾಪದ

ವ್ಯಾಕ್ಯೂಮ್ ಕ್ಲೀನರ್‌ನಿಂದ ಧೂಳು ತೆಗೆಯುವುದನ್ನು ಸೂಚಿಸುವ ಡಚ್ ಕ್ರಿಯಾಪದ ‘ಸ್ಟೊಫ್‌ಜೊಯ್ಗೆನ್’, ಧೂಳು ಎಂಬರ್ಥದ ‘ಸ್ಟೊಫ್’ ಮತ್ತು ಹೀರು ಎಂಬರ್ಥದ ‘ಜೊಯ್ಗೆನ್’ ಪದಗಳು ನೇರವಾಗಿ ಕೂಡಿ ಆದ ಸಮಾಸದಂತೆ ಕಂಡರೂ, ವಾಸ್ತವವಾಗಿ 20ನೆಯ ಶತಮಾನದಲ್ಲಿ ಆ ಯಂತ್ರಕ್ಕೆ ರೂಢಿಯಾದ ‘ಸ್ಟೊಫ್‌ಜೊಯ್ಗರ್’ ಎಂಬ ನಾಮಪದದಿಂದ ಕಡೆದ ರೂಪವಾಗಿದ್ದು, ಸಾಧಿತ ಪದದಿಂದ ಅದರ ಮೂಲವೆಂಬಂತೆ ಹೊಸ ಪದವನ್ನು ಕಟ್ಟುವ ಈ ಕ್ರಮವನ್ನು ಭಾಷಾಶಾಸ್ತ್ರದಲ್ಲಿ ಹಿಮ್ಮುಖ ರಚನೆ ಎನ್ನುತ್ತಾರೆ. ಇದಕ್ಕೆ ಭೂತಕಾಲದ ರೂಪವೇ ಬಲವಾದ ಸಾಕ್ಷ್ಯ: ಬಿಡಿಯಾಗಿ ನಿಂತಾಗ ಧಾತುವಿನ ಸ್ವರವನ್ನು ಬದಲಿಸಿ ‘ಜೋಗ್’ ಆಗುವ ‘ಜೊಯ್ಗೆನ್’, ಸಮಾಸದೊಳಗೆ ಆ ಹಳೆಯ ಪದ್ಧತಿಯನ್ನು ತೊರೆದು, ಹೊಸದಾಗಿ ಹುಟ್ಟುವ ಕ್ರಿಯಾಪದಗಳಂತೆ ಕೇವಲ ‘ಡೆ’ ಪ್ರತ್ಯಯ ಪಡೆದು ‘ಸ್ಟೊಫ್‌ಜೊಯ್ಗ್ಡೆ’ ಎಂದಾಗುತ್ತದೆ. ಆದರೆ ಇದರ ಘಟಕಗಳು ಬಹು ಪ್ರಾಚೀನವಾಗಿವೆ. ‘ಸ್ಟೊಫ್’ ಪದವು ಧೂಳಾಗಿ ಹಾರು ಎಂಬರ್ಥದ ಡಚ್ ‘ಸ್ಟೊಯ್ವೆನ್’ ಹಾಗೂ ಜರ್ಮನ್ ‘ಶ್ಟೌಬ್’ ಪದಗಳ ಬಂಧುವಾದರೆ, ‘ಜೊಯ್ಗೆನ್’ ಜರ್ಮನ್ ‘ಝೌಗನ್’, ಇಂಗ್ಲಿಷಿನ ‘ಸಕ್’ ಮತ್ತು ಲ್ಯಾಟಿನ್ ‘ಸೂಗೆರೆ’ ಪದಗಳೊಡನೆ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರುತ್ತದೆ. ಬಟ್ಟೆ, ವಸ್ತು ಎಂಬರ್ಥದ ಇನ್ನೊಂದು ‘ಸ್ಟೊಫ್’ ಮಾತ್ರ ಹಳೆಯ ಫ್ರೆಂಚಿನಿಂದ ಬಂದ ಎರವಲಾಗಿದ್ದು, ಉಚ್ಚಾರಣೆ ಒಂದೇ ಆದರೂ ಈ ವಂಶಕ್ಕೆ ಸೇರಿದ್ದಲ್ಲ. ಹೀಗೆ ಒಂದು ಕ್ರಿಯಾಪದದ ವಯಸ್ಸನ್ನು ನಿರ್ಣಯಿಸಲು ಅದರ ಘಟಕಗಳ ಪ್ರಾಚೀನತೆ ಸಾಲದು, ಅವು ಕೂಡಿದ ಬಗೆಯನ್ನೂ ಪರಿಶೀಲಿಸುವುದು ಅಗತ್ಯ.