ತೆಳುವಾದ ಯಂತ್ರವೂ ಗೃಹಸ್ಥನ ವಿವೇಕವೂ

ಲ್ಯಾಪ್‌ಟಾಪು ವರ್ಷವರ್ಷಕ್ಕೂ ತೆಳುವಾಗುತ್ತ, ಹಗುರಾಗುತ್ತ ಬರುತ್ತಿದೆ. ಇದಕ್ಕೆ ಮುಖ್ಯ ಕಾರಣವು ಒಳಗಿರುವ ಪ್ರೊಸೆಸರು, ಎಂದರೆ ಲೆಕ್ಕವನ್ನೆಲ್ಲ ನಡೆಯಿಸುವ ಅಂಗ. ಭತ್ತ ಮಾರಿದ ಹಣದಲ್ಲಿ ಮಕ್ಕಳ ಕಾಲೇಜಿಗೆಂದು ಈ ಯಂತ್ರವನ್ನು ಕೊಳ್ಳುವ ನಮ್ಮ ಕಡೆಯ ಗೃಹಸ್ಥರು ಇದರ ಮರ್ಮವನ್ನು ಅರಿತಿರುವುದು ಯುಕ್ತವೆಂದು ಭಾವಿಸುತ್ತೇವೆ.

ಪ್ರೊಸೆಸರು ವಿದ್ಯುತ್ತನ್ನು ಉಂಡು ಶಾಖವನ್ನು ಬಿಡುತ್ತದೆ. ಶಾಖವನ್ನು ಹೊರದೂಡಲು ಫ್ಯಾನು ಬೇಕು. ವಿದ್ಯುತ್ತನ್ನು ಒದಗಿಸಲು ಬ್ಯಾಟರಿ ಬೇಕು. ಯಂತ್ರದ ಗಾತ್ರವನ್ನೂ ಭಾರವನ್ನೂ ಹೆಚ್ಚಿಸುವುವು ಇವೇ. 1978ರ ಇಂಟೆಲ್ 8086ರಲ್ಲಿ ಸುಮಾರು 29,000 ಟ್ರಾನ್ಸಿಸ್ಟರುಗಳಿದ್ದುವು. 2020ರ ಆ್ಯಪಲ್ ಎಂ1ರಲ್ಲಿ 1,600 ಕೋಟಿ. ಟ್ರಾನ್ಸಿಸ್ಟರು ಕಿರಿದಾದಷ್ಟೂ ಅದರ ಆಹಾರವೂ ಕಡಮೆ. ಇದರಿಂದಲೂ ರಚನೆಯ ಜಾಣ್ಮೆಯಿಂದಲೂ ಆ ವರ್ಷದ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನನ್ನೇ ಕೈಬಿಡಲಾಯಿತು.

ಆದರೆ ಪ್ರತಿಯೊಂದು ಲಾಭಕ್ಕೂ ಒಂದು ಬೆಲೆಯುಂಟು. 2024ರಲ್ಲಿ ಬಂದ ಇಂಟೆಲ್‌ನ ಲೂನಾರ್ ಲೇಕ್‌ನಲ್ಲಿ ಮೆಮೊರಿಯನ್ನು ಪ್ರೊಸೆಸರಿನ ಜತೆಗೇ ಕೂಡಿಸಿದರು. ಸ್ಥಳವೂ ವಿದ್ಯುತ್ತೂ ಉಳಿದುವು. ಆದರೆ 16 ಜಿಬಿ ಕೊಂಡವನು ಮುಂದೆ ಅದನ್ನು 32 ಮಾಡಿಕೊಳ್ಳುವಂತಿಲ್ಲ. ಅದರ ತರುವಾಯದ ಪ್ಯಾಂಥರ್ ಲೇಕ್‌ನಲ್ಲಿ ಮೆಮೊರಿಯನ್ನು ಮತ್ತೆ ಬೇರ್ಪಡಿಸಿದ್ದಾರೆ. ಆದರೂ ತೆಳು ಯಂತ್ರಗಳನೇಕದರಲ್ಲಿ ಅದನ್ನು ಹಲಗೆಗೆ ಬೆಸುಗೆ ಹಾಕಿಯೇ ಕೊಡುವರಾದುದರಿಂದ ಕೊಳ್ಳುವವನ ಕೈ ಕಟ್ಟಿದಂತೆಯೇ ಸರಿ.

ಇನ್ನು ಬಿಸಿಲಿನ ಮಾತು. ಆ್ಯಪಲ್ ಸಂಸ್ಥೆಯು ಮ್ಯಾಕ್‌ಬುಕ್ ಏರ್ ಕೆಲಸಮಾಡಲು ತಕ್ಕ ಉಷ್ಣತೆಯನ್ನು 10ರಿಂದ 35 ಡಿಗ್ರಿಯೆಂದು ಹೇಳಿದೆ. ಪೋತ್ನಾಳ, ಮಾನ್ವಿ, ದೇವದುರ್ಗಗಳಲ್ಲಿ ಬೇಸಗೆಯ ಹಗಲು 40 ಡಿಗ್ರಿಯನ್ನು ದಾಟುವುದು ಹೊಸತಲ್ಲ. ಫ್ಯಾನಿಲ್ಲದ ಯಂತ್ರವು ಕಾವೇರಿದಾಗ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಭಾರವಾದ ಕೆಲಸವಿರುವ ವಿದ್ಯಾರ್ಥಿಗೆ ಇದು ತೊಡಕು.

ಹಾಗೆಂದು ಹೊಸ ಪ್ರೊಸೆಸರುಗಳು ನಮಗೆ ನಿಷ್ಪ್ರಯೋಜಕವೆಂದಲ್ಲ. ಮಿತಾಹಾರಿಯಾದ ಪ್ರೊಸೆಸರು ಕರೆಂಟು ಹೋದ ಮೇಲೂ ಬಹಳ ಹೊತ್ತು ದುಡಿಯುತ್ತದೆ. ಹೀಗೆ ಉಳಿದ ವಿದ್ಯುತ್ತಿನ ಬಲದಿಂದ ತಯಾರಕನು ಬ್ಯಾಟರಿಯನ್ನು ಕಿರಿದುಮಾಡಿ ಯಂತ್ರವನ್ನು ತೆಳುವಾಗಿಸಬಹುದು. ಇಲ್ಲವೆ ಬ್ಯಾಟರಿಯನ್ನು ಹಾಗೆಯೇ ಇಟ್ಟು ದುಡಿಮೆಯ ಹೊತ್ತನ್ನು ಹೆಚ್ಚಿಸಬಹುದು. ನಮ್ಮ ಊರುಗಳಿಗೆ ಬೇಕಾದುದು ಎರಡನೆಯದು.

ಆದುದರಿಂದ ಅಂಗಡಿಯಲ್ಲಿ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ: ಮೆಮೊರಿ ಎಷ್ಟು, ಮುಂದೆ ಹೆಚ್ಚಿಸಬಹುದೆ? ಫ್ಯಾನು ಉಂಟೆ? ಬ್ಯಾಟರಿ ಎಷ್ಟು ವ್ಯಾಟ್-ಅವರ್, ಸೋತಾಗ ಬದಲಿಸಿಕೊಡುವರೆ? ಹೆಚ್ಚಿಸಲಾಗದಿದ್ದರೆ, ನಾಲ್ಕು ವರ್ಷದ ಓದಿಗೆ ಬೇಕಾಗುವ ಮೆಮೊರಿಯನ್ನು ಮೊದಲೇ ಕೊಳ್ಳಿರಿ. ತೆಳುವು ಎಷ್ಟೆಂಬುದನ್ನು ಕಡೆಯಲ್ಲಿ ವಿಚಾರಿಸಿದರೆ ಸಾಕು.