ಸ್ವಜನರಕ್ಷಕರು ಸ್ಮರಣೀಯರಲ್ಲವೆ?

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿಗಳೂ ಅವರ ಸಹಾಯಕರೂ ೬೦ ಲಕ್ಷ ಯೆಹೂದ್ಯರನ್ನು ಕೊಂದರೆಂಬುದು ಲೋಕವಿದಿತವಾದ ಸಂಗತಿ. ಆಗ ಪ್ರಾಣಭಯವನ್ನು ಲೆಕ್ಕಿಸದೆ ಅವರಿಗೆ ಆಶ್ರಯವಿತ್ತ ಅನ್ಯಮತೀಯರನ್ನು ಇಸ್ರೇಲಿನ ಯಾದ್ ವಾಶೆಮ್ ಎಂಬ ಸ್ಮಾರಕಸಂಸ್ಥೆಯು ೧೯೬೩ರಿಂದ ಧರ್ಮಾತ್ಮರೆಂಬ ಬಿರುದಿತ್ತು ಗೌರವಿಸುತ್ತ ಬಂದಿದೆ. ಹಾಗೆ ಮನ್ನಣೆ ಪಡೆದವರು ೨೮ ಸಾವಿರಕ್ಕೂ ಹೆಚ್ಚು. ಇದು ಸರ್ವಥಾ ಯೋಗ್ಯವಾದುದೇ. ಆದರೆ ತಮ್ಮವರನ್ನು ತಾವೇ ಉಳಿಸಿದ ಯೆಹೂದ್ಯರಿಗೆ ಆ ಬಿರುದು ಸಲ್ಲದು. ಅವರ ಹೆಸರನ್ನು ಬಲ್ಲವರೂ ವಿರಳ.

ಇದಕ್ಕೆ ಕೆಲವರು ಹೇಳುವ ಸಮಾಧಾನವೇನೆಂದರೆ, ಸ್ವಜನರನ್ನು ಉಳಿಸುವುದು ಯಾರಿಗಾದರೂ ಸಹಜಧರ್ಮ. ಕರ್ತವ್ಯವನ್ನು ಮಾಡಿದವನಿಗೆ ಪುರಸ್ಕಾರವೇತಕ್ಕೆ ಎಂಬುದು. ಕೇಳುವುದಕ್ಕೆ ಒಪ್ಪುವಂತೆ ತೋರುವ ಈ ವಾದವು ವಿಚಾರಕ್ಕೆ ನಿಲ್ಲದು.

ಆಪತ್ಕಾಲದಲ್ಲಿ ಧರ್ಮದ ಕಟ್ಟು ಸಡಿಲವಾಗುವುದೆಂದು ಶಾಸ್ತ್ರಕಾರರೇ ಒಪ್ಪಿರುವರು. ಕ್ಷಾಮದಲ್ಲಿ ಪ್ರಾಣರಕ್ಷಣೆಗಾಗಿ ನಾಯಿಯ ಮಾಂಸಕ್ಕೆ ಕೈಚಾಚಿದ ವಿಶ್ವಾಮಿತ್ರನ ಕಥೆಯು ಮಹಾಭಾರತದ ಶಾಂತಿಪರ್ವದಲ್ಲಿಯೇ ಇದೆ. ತಾನೇ ಕೊಲೆಗೆ ಗುರಿಯಾದವನು ಮೊದಲು ತನ್ನ ಪ್ರಾಣವನ್ನು ಕಾಪಾಡಿಕೊಂಡರೆ ಅವನನ್ನು ಯಾರೂ ದೂಷಿಸಲಾರರು. ಆ ಅವಕಾಶವನ್ನು ಕೈಬಿಟ್ಟು ಪರರಿಗಾಗಿ ನಿಂತವನ ಕಾರ್ಯವು ಸಹಜವೆ, ಅಸಾಧಾರಣವೆ?

ಫ್ರಾನ್ಸಿನ ಮರಿಯಾನ್ ಕೋನ್ ಎಂಬ ತರುಣಿಯು ೧೯೪೪ರಲ್ಲಿ ಮಕ್ಕಳ ಗುಂಪೊಂದನ್ನು ಸ್ವಿಟ್ಸರ್ಲೆಂಡಿಗೆ ದಾಟಿಸುತ್ತಿದ್ದಾಗ ಸೆರೆಸಿಕ್ಕಳು. ಸಂಗಡಿಗರು ಅವಳನ್ನು ಸೆರೆಯಿಂದ ಬಿಡಿಸಲು ಸಿದ್ಧರಿದ್ದರು. ತಾನು ತಪ್ಪಿಸಿಕೊಂಡರೆ ಮಕ್ಕಳಿಗೆ ಕೇಡಾದೀತೆಂದು ಅವಳು ಒಪ್ಪಲಿಲ್ಲ. ಮಕ್ಕಳು ಉಳಿದರು, ಅವಳು ಹತಳಾದಳು. ಆಮ್‌ಸ್ಟರ್‌ಡ್ಯಾಮಿನಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದ ನಾಟಕಶಾಲೆಯ ಎದುರಿಗೆ ಒಂದು ಶಿಶುವಿಹಾರವಿತ್ತು. ವಾಲ್ಟರ್ ಸುಸ್ಕಿಂಡ್ ಎಂಬವನು ಪಟ್ಟಿಯಿಂದ ಮಕ್ಕಳ ಹೆಸರುಗಳನ್ನು ಅಳಿಸಿಹಾಕಿ, ಶಿಶುವಿಹಾರದ ಮುಖ್ಯಸ್ಥೆ ಹೆನ್ರಿಯೆಟ್ ಪಿಮೆಂಟೆಲ್ ಮೊದಲಾದವರ ನೆರವಿನಿಂದ ಸುಮಾರು ೬೦೦ ಮಕ್ಕಳನ್ನು ಅಲ್ಲಿಂದ ಗುಟ್ಟಾಗಿ ಸಾಗಿಸಿದನು. ಪಿಮೆಂಟೆಲಳು ೧೯೪೩ರಲ್ಲಿ ಆಶ್ವಿಟ್ಸಿನಲ್ಲಿ ಹತಳಾದಳು. ಸುಸ್ಕಿಂಡನೂ ೧೯೪೫ರಲ್ಲಿ ಮಡಿದನು. ಇವರು ಉಳಿಸಿದ್ದು ಬಹುಪಾಲು ಪರರ ಮಕ್ಕಳನ್ನು. ಜಾತಿಯೊಂದೇ ಆದಮಾತ್ರಕ್ಕೆ ತ್ಯಾಗದ ತೂಕ ತಗ್ಗುವುದೆ?

ಈ ಮರೆವಿನಿಂದಾಗುವ ಅನರ್ಥ ಇನ್ನೊಂದುಂಟು. ರಕ್ಷಕರೆಲ್ಲರೂ ಹೊರಗಿನವರೇ ಎಂದು ಎಣಿಸಿದರೆ, ಯೆಹೂದ್ಯರು ಕುರಿಗಳಂತೆ ಕೊಲೆಗಡುಕನ ಹಿಂದೆ ನಡೆದರೆಂಬ ಅಪವಾದಕ್ಕೆ ಬಲ ಬರುವುದು. ಬೆಲರೂಸಿನ ನಲಿಬೋಕಿ ಅರಣ್ಯದಲ್ಲಿ ತೂವಿಯಾ ಬಿಯೆಲ್‌ಸ್ಕಿಯೂ ಅವನ ಸೋದರರೂ ವೃದ್ಧರು, ಸ್ತ್ರೀಯರು, ಮಕ್ಕಳೆನ್ನದೆ ಬಂದವರನ್ನೆಲ್ಲ ಸೇರಿಸಿಕೊಂಡು, ೧೯೪೪ರಲ್ಲಿ ಸುಮಾರು ೧,೨೦೦ ಮಂದಿಯನ್ನು ಜೀವಸಹಿತ ಹೊರತಂದುದು ಈ ಅಪವಾದಕ್ಕೆ ತಕ್ಕ ಉತ್ತರ.

ಇರುವ ಬಿರುದನ್ನು ಬದಲಿಸಬೇಕಾಗಿಲ್ಲ. ಉಪಕಾರಿಗಳಾದ ಅನ್ಯರಿಗೆ ಕೃತಜ್ಞತೆಯಾಗಿ ಅದು ಹಾಗೆಯೇ ಇರಲಿ. ಸ್ವಜನರಕ್ಷಕರಿಗೆ ಅದಕ್ಕೆ ಸಮನಾದ ಬೇರೊಂದು ಮನ್ನಣೆ ಬೇಕು. ಬ್ನೈ ಬ್ರಿತ್ ಎಂಬ ಯೆಹೂದ್ಯ ಸಂಘವು ೨೦೧೧ರಿಂದ ಇಂಥವರಿಗೆ ಪ್ರಶಸ್ತಿಪತ್ರಗಳನ್ನು ಕೊಡುತ್ತ ಬಂದಿರುವುದು ಶ್ಲಾಘ್ಯ. ಆದರೆ ಒಂದು ಸಂಘದ ಔದಾರ್ಯವು ರಾಷ್ಟ್ರದ ಋಣವನ್ನು ತೀರಿಸಲಾರದು. ಮಕ್ಕಳನ್ನು ಸ್ವಿಟ್ಸರ್ಲೆಂಡಿಗೆ ದಾಟಿಸಿದ ಜಾರ್ಜ್ ಲೊಯಿಂಜೆ ತನ್ನ ೧೦೮ನೆಯ ವಯಸ್ಸಿನಲ್ಲಿ, ೨೦೧೮ರಲ್ಲಿ, ತೀರಿಕೊಂಡನು. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿರುವರು. ಹೆಸರುಗಳನ್ನು ಬರೆದಿಡುವ ಕಾಲ ಇದೇ.