ನಾಟಕಕ್ಕೂ ಒಂದು ಪದವಿಯೇ?

ಕಳೆದ ವರ್ಷ ದ್ವಿತೀಯ ಪಿ.ಯು.ಸಿ. ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯವರೊಡನೆ ನನ್ನ ಮನೆಗೆ ಬಂದಿದ್ದನು. ವಿಶ್ವವಿದ್ಯಾಲಯದಲ್ಲಿ ಸಂವಹನ ಹಾಗೂ ರಂಗಕಲೆಗಳನ್ನು ವ್ಯಾಸಂಗ ಮಾಡಬೇಕೆಂಬುದು ಅವನ ಹಂಬಲ. ತಂದೆಯವರು ಒಕ್ಕಲುತನದವರು, ನೇರ ಮಾತಿನವರು. "ಅಲ್ರೀ ಪಂಡಿತರ, ನಮ್ಮಪ್ಪ ದೊಡ್ಡಾಟದಾಗ ದುರ್ಯೋಧನನ ಪಾರ್ಟು ಮಾಡ್ತಿದ್ದ. ಅವನಿಗ್ಯಾವ ಡಿಗ್ರಿ ಇತ್ತು? ಇವನಿಗ್ಯಾಕೆ ಬೇಕು?" ಎಂದು ಕೇಳಿದರು. ತಕ್ಕ ಉತ್ತರ ನನಗೆ ಆಗ ಹೊಳೆಯಲಿಲ್ಲ. ವಾಣಿಜ್ಯ ವಿಭಾಗಕ್ಕೆ ಸೇರಿಸಿರೆಂದು ಹೇಳಿ ಕಳುಹಿಸಿಬಿಟ್ಟೆನು. ಹುಡುಗನು ಅಲ್ಲಿ ಒಂದು ವರ್ಷವನ್ನು ಹೇಗೋ ನೂಕಿ, ಈಗ ಮತ್ತೆ ಅದೇ ಬೇಡಿಕೆಯನ್ನು ಹೊತ್ತು ಬಂದಿದ್ದಾನೆ. ಅಂದು ನಾನು ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಆ ದುರ್ಯೋಧನನಿಗೆ ಪದವಿ ಇರಲಿಲ್ಲವೆಂಬುದು ದಿಟ. ಆದರೆ ಶಾಲೆ ಇತ್ತು. ಆಟ ಕಲಿಸುವ ಮಾಸ್ತರರು ತಿಂಗಳುಗಟ್ಟಲೆ ರಾತ್ರಿ ಕುಳಿತು ಮಾತು, ಹಾಡು, ಹೆಜ್ಜೆಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. 1884ರಲ್ಲಿ ಪ್ರಾರಂಭವಾದ ಗುಬ್ಬಿ ಕಂಪನಿಯಂತಹ ಮಂಡಳಿಗಳಲ್ಲಿ ಬಾಲಕರು ಪರದೆ ಎಳೆಯುವುದರಿಂದ ಮೊದಲುಮಾಡಿ ಎಲ್ಲವನ್ನೂ ಕಲಿಯುತ್ತಿದ್ದರು. ಬಿ. ವಿ. ಕಾರಂತರು ಅಲ್ಲಿಗೆ ಬಾಲನಟರಾಗಿಯೇ ಸೇರಿದವರು. ಅವರನ್ನು ಉನ್ನತ ವ್ಯಾಸಂಗಕ್ಕೆ ಕಾಶಿಗೆ ಕಳುಹಿಸಿದವರು ಸ್ವತಃ ಗುಬ್ಬಿ ವೀರಣ್ಣನವರು ಎಂಬುದನ್ನು ಪಾಲಕರು ಗಮನಿಸಬೇಕು. ಕಂಪನಿಯ ಯಜಮಾನರಿಗೇ ವಿದ್ಯೆ ಬೇಡವೆನಿಸಲಿಲ್ಲ! ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1977ರಲ್ಲಿ ಅದರ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಇಂದು ಆ ಮಂಡಳಿಗಳ ವೈಭವ ಅಳಿದಿದೆ, ಆಟದ ಮಾಸ್ತರರೂ ವಿರಳರಾಗಿದ್ದಾರೆ. ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು 1980ರಲ್ಲಿ ತೆರೆದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಸಾಣೇಹಳ್ಳಿಯ ಮಠದ ಶಿವಸಂಚಾರವು 1997ರಿಂದ ಊರೂರಿಗೆ ನಾಟಕಗಳನ್ನು ಒಯ್ಯುತ್ತಿದೆ. ಕೆಲವೇ ಮಂದಿಗೆ ದೊರೆಯುವ ಈ ಭಾಗ್ಯವು ಉಳಿದವರಿಗೂ ಲಭಿಸಬೇಕಾದರೆ ವಿಶ್ವವಿದ್ಯಾಲಯವೇ ಆಟದ ಮನೆಯಾಗಬೇಕು.

ಇನ್ನು, ರಂಗಕಲೆಯೊಡನೆ ಸಂವಹನವನ್ನೇಕೆ ಗಂಟುಹಾಕಿದ್ದಾರೆಂದು ಕೆಲವರು ಮೂಗುಮುರಿಯುತ್ತಾರೆ. ನನಗಾದರೋ ಇವೆರಡೂ ಒಂದೇ ಶಾಸ್ತ್ರವೆನಿಸುತ್ತದೆ. ಭರತಮುನಿಯು ಧ್ವನಿಗೆ ಉರಸ್ಸು, ಕಂಠ, ಶಿರಸ್ಸು ಎಂಬ ಮೂರು ಸ್ಥಾನಗಳನ್ನು ಹೇಳಿದ್ದಾನೆ. ದೂರದಲ್ಲಿರುವವನನ್ನು ಕರೆಯುವಾಗ ಶಿರಸ್ಸಿನಿಂದ, ತುಸು ಅಂತರದಲ್ಲಿರುವವನೊಡನೆ ಕಂಠದಿಂದ, ಪಕ್ಕದಲ್ಲಿರುವವನೊಡನೆ ಎದೆಯಿಂದ ಮಾತು ಹೊರಡಬೇಕು. ಧ್ವನಿವರ್ಧಕವಿಲ್ಲದ ಕಾಲದ ನಟನು ಕಟ್ಟಕಡೆಯ ಸಾಲಿನವನಿಗೆ ಕೇಳಿಸಲು ತಾರಸ್ಥಾಯಿಯಲ್ಲಿ ನುಡಿದದ್ದು ಇದೇ ನ್ಯಾಯದಿಂದ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೆರೆದಾಗ ಈ ಲೆಕ್ಕ ತಲೆಕೆಳಗಾಯಿತು. ಕೇಳುವವನು ಹರದಾರಿಗಳಾಚೆ ಇದ್ದಾನೆ. ಆದರೂ ಮಾತು ಅವನ ಮಗ್ಗುಲಲ್ಲಿ ಕುಳಿತು ಆಡಿದಂತಿರಬೇಕು. ದೂರದವನಿಗೂ ಎದೆಯ ಧ್ವನಿಯೇ ಸಲ್ಲುವ ಈ ವಿಚಿತ್ರವನ್ನು ಅರಿಯದವರು ಇಂದಿಗೂ ದೂರದರ್ಶನದ ವಾಹಿನಿಗಳಲ್ಲಿ, ನಮ್ಮ ನಡುಮನೆಯಲ್ಲಿ ನಿಂತು, ರಣರಂಗದಲ್ಲಿರುವವರಂತೆ ಅರಚುತ್ತಾರೆ. ಅವರಿಗೆ ರಂಗಶಿಕ್ಷಣ ದೊರೆತಿದ್ದರೆ ನಮ್ಮ ಕಿವಿಗಳಾದರೂ ಉಳಿಯುತ್ತಿದ್ದವು.

ಆದರೆ ವಿಶ್ವವಿದ್ಯಾಲಯಗಳ ಮೇಲೂ ನನ್ನದೊಂದು ದೂರಿದೆ. ಕೆಲವು ವರ್ಷಗಳ ಹಿಂದೆ ಒಂದು ವಿಭಾಗದ ವಿದ್ಯಾರ್ಥಿಗಳ ಪ್ರಯೋಗವನ್ನು ನೋಡಲು ಹೋಗಿದ್ದೆ. ಬೆಳಕಿನ ವಿನ್ಯಾಸ ಸೊಗಸಾಗಿತ್ತು, ರಂಗಸಜ್ಜಿಕೆ ಅಚ್ಚುಕಟ್ಟಾಗಿತ್ತು. ಅರಸನ ಪಾತ್ರಧಾರಿ ಮಾತ್ರ ಉಗ್ರಾಣದಲ್ಲಿ "ಹಕ್ಕಿ" ಎಷ್ಟಿದೆಯೆಂದು ಕೇಳಿದನು! ಪಾಶ್ಚಾತ್ಯ ರಂಗಸಿದ್ಧಾಂತಗಳ ಮೇಲೆ ಪುಟಗಟ್ಟಲೆ ಬರೆಯಬಲ್ಲವನು ಅವನು. ವಾಚಿಕವನ್ನು ಬಾಯಿಯಿಂದ ಪರೀಕ್ಷಿಸದೆ ಉತ್ತರಪತ್ರಿಕೆಯಲ್ಲಿ ಅಳೆಯುವುದರ ಫಲವಿದು. ಇದು ವ್ಯಾಕರಣ ಪಂಡಿತನ ಮಡಿವಂತಿಕೆಯೆಂದು ಯಾರೂ ಭಾವಿಸಬಾರದು. ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ'ಗೆ ಉತ್ತರ ಕರ್ನಾಟಕದ ಆಡುಮಾತೇ ಜೀವ. ಅದನ್ನು ತಿದ್ದಿದರೆ ನಾಟಕ ಸಾಯುತ್ತದೆ. ಯಾವ ಪಾತ್ರಕ್ಕೆ ಯಾವ ನುಡಿಯೆಂಬ ವಿವೇಕವನ್ನೇ ನಾನು ಕೇಳುತ್ತಿರುವುದು. ಅದನ್ನು ಕಲಿಸಲು, ಪದವಿಯಿಲ್ಲದಿದ್ದರೂ ಚಿಂತೆಯಿಲ್ಲ, ಹಿರಿಯ ಬಯಲಾಟದವರನ್ನು ವಿಭಾಗಗಳಿಗೆ ಗೌರವದಿಂದ ಕರೆತರಬೇಕು.

ಹೊಟ್ಟೆಪಾಡಿನ ಮಾತು ಬಂದಾಗ ನಾನು ಸುಳ್ಳು ಭರವಸೆ ಕೊಡಲಾರೆ. ನಾಟಕ ಶಿಕ್ಷಕರ ಹುದ್ದೆಗಳು ಬೆರಳೆಣಿಕೆಯಷ್ಟು. ಬಾನುಲಿ, ವಾಹಿನಿ, ಜಾಹೀರಾತುಗಳಲ್ಲಿ ಅವಕಾಶವುಂಟು, ಪೈಪೋಟಿಯೂ ಉಂಟು. ಆದರೆ ನಾನು ಸೂಚಿಸಿದ ವಾಣಿಜ್ಯ ಪದವಿಯವರಿಗೂ ಕೆಲಸ ಬಾಗಿಲಲ್ಲಿ ಕಾದು ನಿಂತಿಲ್ಲವಲ್ಲ.

ಮೊನ್ನೆ ಹುಡುಗನು ಅರ್ಜಿಯನ್ನು ತುಂಬಿ ನನಗೆ ತೋರಿಸಿದನು. ಐಚ್ಛಿಕ ಕನ್ನಡವನ್ನೂ ಆರಿಸಿಕೊಂಡಿದ್ದಾನೆ. ತಂದೆಯವರ ರುಜು ಇನ್ನೂ ಬಿದ್ದಿಲ್ಲ. ಈ ಸಂಚಿಕೆಯ ಒಂದು ಪ್ರತಿಯನ್ನು ನಾನೇ ಅವರ ಮನೆಗೆ ಒಯ್ದು ಕೊಡುವವನಿದ್ದೇನೆ.